ಕಮ್ಮಾರನ ಮಗ ಕಂಡ ಕಾಂತರೇಖೆಗಳು

ರಾಯಚೂರು ನಗರವಾಗಲಿ, ದೇವದುರ್ಗವಾಗಲಿ, ಮಾನ್ವಿಯಾಗಲಿ, ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಒಂದು ಚಿತ್ರ ಕಣ್ಣು ಮುಚ್ಚಿ ಬಿಡಿಸುವಷ್ಟು ಪರಿಚಿತ. ನಡುವೆ ಒಂದು ದಂಡಕಾಂತ. ಅದರ ಒಂದು ತುದಿ ಉತ್ತರ ಧ್ರುವ, ಇನ್ನೊಂದು ದಕ್ಷಿಣ ಧ್ರುವ. ಎರಡನ್ನೂ ಬಳಸಿ ಬಾಗಿದ ಏಳೆಂಟು ಗೆರೆಗಳು. ಪ್ರತಿ ಗೆರೆಯ ಮೇಲೂ ಒಂದು ಬಾಣದ ಗುರುತು. ಸಲಕರಣೆಗಳಿರುವ ಶಾಲೆಯಾದರೆ ಕಾಂತದ ಮೇಲೆ ಬಿಳಿ ಹಾಳೆ ಹಾಸಿ, ಕಬ್ಬಿಣದ ಪುಡಿ ಉದುರಿಸಿ, ಬೆರಳಿನಿಂದ ಮೆಲ್ಲನೆ ತಟ್ಟಿ, ಅದೇ ಗೆರೆಗಳು ತಾವಾಗಿ ಮೂಡುವುದನ್ನು ನೋಡುವ ಅವಕಾಶವೂ ಉಂಟು.

ಆದರೆ ಆ ಗೆರೆಗಳು ಏನನ್ನು ಹೇಳುತ್ತವೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬರುವುದಿಲ್ಲ. ಕಾಂತದ ಸುತ್ತ ಕಣ್ಣಿಗೆ ಕಾಣದ ಎಳೆಗಳು ನಿಜವಾಗಿಯೂ ಹಬ್ಬಿವೆಯೇ? ಎರಡು ಗೆರೆಗಳ ನಡುವಿನ ಜಾಗ ಬರಿದೇ? ಬಾಣ ಯಾವುದರ ದಿಕ್ಕನ್ನು ತೋರಿಸುತ್ತದೆ? ಈ ಪ್ರಶ್ನೆಗಳನ್ನು ಎತ್ತಿಕೊಂಡು, ಉತ್ತರಕ್ಕಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಟ್ಟು ಬಿಡದೆ ದುಡಿದವನು ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ, ಉನ್ನತ ಗಣಿತವನ್ನು ಕಲಿಯದ ಒಬ್ಬ ಕಮ್ಮಾರನ ಮಗ. ಆತನೇ ಮೈಕೆಲ್ ಫ್ಯಾರಡೆ. ರಾಯಚೂರಿಗೆ ಸಮೀಪದ ಶಕ್ತಿನಗರದಲ್ಲಿ ಹಗಲಿರುಳು ತಿರುಗುವ ಬೃಹತ್ ಜನರೇಟರ್‌ಗಳು ಇಂದಿಗೂ ಆತ ಕಂಡ ಆ ಗೆರೆಗಳ ಲೆಕ್ಕದಂತೆಯೇ ವಿದ್ಯುತ್ತನ್ನು ನೀಡುತ್ತಿವೆ.

ಒಂದು ರೊಟ್ಟಿ, ಒಂದು ವಾರ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಉತ್ತರ ಇಂಗ್ಲೆಂಡಿನಿಂದ ಕೆಲಸ ಹುಡುಕಿಕೊಂಡು ಬಂದ ಕಮ್ಮಾರ. ಆರೋಗ್ಯ ಕೆಟ್ಟು ಕುಲುಮೆಯ ಮುಂದೆ ದಿನವಿಡೀ ನಿಲ್ಲಲಾರದ ಸ್ಥಿತಿ ಆತನದು. ನಾಲ್ವರು ಮಕ್ಕಳ ಆ ಮನೆಯಲ್ಲಿ ಹಸಿವು ಹೊಸದಾಗಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಒಂಬತ್ತು ವರ್ಷದ ಮೈಕೆಲ್‌ನ ಪಾಲಿಗೆ ವಾರಕ್ಕೆ ಸಿಗುತ್ತಿದ್ದುದು ಒಂದೇ ಒಂದು ಬ್ರೆಡ್ಡು. ಓದು, ಬರಹ, ಒಂದಿಷ್ಟು ಲೆಕ್ಕ: ಶಾಲೆ ಆತನಿಗೆ ಕೊಟ್ಟದ್ದು ಇಷ್ಟೇ.

ಹದಿಮೂರನೆಯ ವಯಸ್ಸಿನಲ್ಲಿ ಹುಡುಗ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಓಡಾಟದ ಕೆಲಸಕ್ಕೆ ಸೇರಿದ. ಮರುವರ್ಷ, 1805ರಲ್ಲಿ, ಏಳು ವರ್ಷಗಳ ಕರಾರಿನ ಮೇಲೆ ಅಲ್ಲಿಯೇ ಪುಸ್ತಕ ಕಟ್ಟುವ ಕಸುಬಿಗೆ ನಿಂತ. ರಟ್ಟು ಹಾಕಲು ಬಂದ ಪುಸ್ತಕಗಳನ್ನು ಕಟ್ಟುವ ಮೊದಲು ಓದುವುದು ಆತನ ಅಭ್ಯಾಸವಾಯಿತು. ಬ್ರಿಟಾನಿಕಾ ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಮೇಲಿನ ಲೇಖನ, ಜೇನ್ ಮಾರ್ಸೆಟ್ ಎಂಬ ಲೇಖಕಿ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನ ವಿಜ್ಞಾನದ ಪುಸ್ತಕ, ಇವೆರಡೂ ಆತನ ಕಣ್ಣು ತೆರೆಸಿದವು. ಓದಿದ್ದನ್ನು ಹಾಗೆಯೇ ನಂಬುವ ಗುಣ ಆತನದಲ್ಲ. ಕೈಲಿದ್ದ ಪುಡಿಗಾಸಿನಲ್ಲಿ ಸಾಮಾನು ಕೊಂಡು, ಪುಸ್ತಕದಲ್ಲಿದ್ದ ಪ್ರಯೋಗಗಳನ್ನು ತಾನೇ ಮಾಡಿ ನೋಡುತ್ತಿದ್ದ. ಈ ಗುಣವೇ ಮುಂದೆ ಆತನ ಬದುಕನ್ನು ರೂಪಿಸಿತು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಆತನ ಆಸಕ್ತಿ ಕಂಡು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಡೆಯುತ್ತಿದ್ದ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ಡೇವಿ ಆಗ ಇಂಗ್ಲೆಂಡಿನ ಹೆಸರಾಂತ ರಸಾಯನ ವಿಜ್ಞಾನಿ. ಫ್ಯಾರಡೆ ನಾಲ್ಕು ಉಪನ್ಯಾಸಗಳನ್ನು ಕೇಳಿದ, ಟಿಪ್ಪಣಿ ಮಾಡಿಕೊಂಡ, ಅವನ್ನು ಚಿತ್ರಗಳ ಸಮೇತ ವಿಸ್ತರಿಸಿ ಬರೆದು, ತನ್ನ ಕೈಯಾರೆ ರಟ್ಟು ಕಟ್ಟಿ ಡೇವಿಗೇ ಕಳುಹಿಸಿದ. ಜೊತೆಗೊಂದು ಕೆಲಸದ ಕೋರಿಕೆಯೂ ಇತ್ತು. ಕೆಲಕಾಲದ ಬಳಿಕ ಅಲ್ಲಿನ ಸಹಾಯಕನೊಬ್ಬನ ಜಾಗ ತೆರವಾಯಿತು. 1813ರ ಮಾರ್ಚ್ 1ರಂದು ಫ್ಯಾರಡೆ ಪ್ರಯೋಗಾಲಯದ ಸಹಾಯಕನಾಗಿ ನೇಮಕಗೊಂಡ. ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆಗಳ ವಾಸ. ದಶಕಗಳ ಕಾಲ ಆ ಕಟ್ಟಡವೇ ಆತನ ಮನೆಯೂ ಕಾರ್ಯಕ್ಷೇತ್ರವೂ ಆಗಿತ್ತು.

ಅದೇ ವರ್ಷ ಡೇವಿ ದಂಪತಿಯ ಜೊತೆ ಯೂರೋಪಿನ ಪ್ರವಾಸಕ್ಕೆ ಹೊರಟ ಫ್ಯಾರಡೆ, ಆಂಪೇರ್, ವೋಲ್ಟಾ ಮುಂತಾದ ಮೇಧಾವಿಗಳನ್ನು ಕಂಡ. ಆದರೆ ಡೇವಿಯ ಪತ್ನಿ ಆತನನ್ನು ಆಳಿನಂತೆಯೇ ನಡೆಸಿಕೊಂಡಳು. ಅವಮಾನವನ್ನು ನುಂಗಿಕೊಂಡ ಆತ ಕಲಿಕೆಯನ್ನು ಮಾತ್ರ ಬಿಡಲಿಲ್ಲ. 1815ರಲ್ಲಿ ಲಂಡನ್ನಿಗೆ ಮರಳಿದಾಗ ಆತ ನುರಿತ ಪ್ರಯೋಗಶೀಲನಾಗಿದ್ದ.

ತಂತಿಯ ಸುತ್ತ ತಿರುಗಿದ ಸೂಜಿ

1820ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದ. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿ ಇಟ್ಟರೆ ಅದರ ಸೂಜಿ ಹೊರಳುತ್ತದೆ. ವಿದ್ಯುತ್ತಿಗೂ ಕಾಂತಕ್ಕೂ ನಂಟಿದೆ ಎಂಬುದು ಇದರಿಂದ ಖಚಿತವಾಯಿತು. ಅದಕ್ಕಿಂತ ಬೆರಗಿನ ವಿಷಯವೆಂದರೆ ಸೂಜಿ ತಂತಿಯ ಕಡೆಗೆ ಎಳೆಯಲ್ಪಡುವುದಿಲ್ಲ, ತಂತಿಯಿಂದ ದೂರ ತಳ್ಳಲ್ಪಡುವುದೂ ಇಲ್ಲ. ತಂತಿಗೆ ಅಡ್ಡಲಾಗಿ ನಿಲ್ಲುತ್ತದೆ. ತಂತಿಯ ಸುತ್ತ ದಿಕ್ಸೂಚಿಯನ್ನು ಒಯ್ದರೆ ಸೂಜಿಯ ಮೊನೆಗಳು ಒಂದು ವೃತ್ತವನ್ನು ಬರೆಯುತ್ತವೆ.

ನ್ಯೂಟನ್ನನ ಕಾಲದಿಂದ ವಿದ್ವಾಂಸರು ಒಪ್ಪಿಕೊಂಡು ಬಂದಿದ್ದ ಚಿತ್ರ ಬೇರೆ. ಎರಡು ವಸ್ತುಗಳು ನಡುವಣ ಬರಿದಾದ ಜಾಗವನ್ನು ದಾಟಿ, ನೇರ ಗೆರೆಯಲ್ಲಿ ಒಂದನ್ನೊಂದು ಸೆಳೆಯುತ್ತವೆ ಇಲ್ಲವೇ ತಳ್ಳುತ್ತವೆ. ನಡುವಿನ ಜಾಗಕ್ಕೆ ಇದರಲ್ಲಿ ಯಾವ ಪಾತ್ರವೂ ಇಲ್ಲ ಎಂಬುದು ಆ ಚಿತ್ರ. ಫ್ರಾನ್ಸಿನ ಗಣಿತಜ್ಞರು ಈ ತಳಹದಿಯ ಮೇಲೆ ಸೊಗಸಾದ ಸಮೀಕರಣಗಳನ್ನು ಕಟ್ಟಿದ್ದರು. ಆ ಸಮೀಕರಣಗಳು ಫ್ಯಾರಡೆಗೆ ಅರ್ಥವಾಗುತ್ತಿರಲಿಲ್ಲ. ಆತನಿಗೆ ಕಂಡದ್ದು ವೃತ್ತ ಮಾತ್ರ. ಬಲ ನೇರ ಗೆರೆಯಲ್ಲಿ ಅಲ್ಲದೆ ಬಾಗಿದ ಗೆರೆಯಲ್ಲಿ ಕೆಲಸ ಮಾಡುತ್ತದೆ ಎಂದಾದರೆ, ನಡುವಿನ ಜಾಗದಲ್ಲಿಯೇ ಏನೋ ಇರಬೇಕು ಎಂಬ ಗುಮಾನಿ ಆತನಲ್ಲಿ ಬೇರೂರಿತು.

1821ರ ಸೆಪ್ಟೆಂಬರ್‌ನಲ್ಲಿ ಆತ ಪಾದರಸದ ಬಟ್ಟಲಿನ ನಡುವೆ ಕಾಂತವನ್ನು ನಿಲ್ಲಿಸಿ, ಮೇಲಿನಿಂದ ಇಳಿಬಿಟ್ಟ ತಂತಿಯಲ್ಲಿ ವಿದ್ಯುತ್ ಹಾಯಿಸಿದ. ತಂತಿ ಕಾಂತದ ಸುತ್ತ ಗಿರಗಿರನೆ ತಿರುಗಿತು. ವಿದ್ಯುತ್ತಿನಿಂದ ನಿರಂತರ ಚಲನೆ ಪಡೆದ ಈ ಪುಟ್ಟ ಸಾಧನವೇ ಇಂದಿನ ಮೋಟಾರುಗಳ ಮೂಲಪುರುಷ. ಆದರೆ ಸಂತೋಷದ ಜೊತೆಗೇ ಕಹಿಯೂ ಬಂತು. ಇಂಥದೇ ದಿಕ್ಕಿನಲ್ಲಿ ಯೋಚಿಸಿದ್ದ ಹಿರಿಯ ವಿಜ್ಞಾನಿ ವಾಲಸ್ಟನ್‌ನ ಹೆಸರನ್ನು ಫ್ಯಾರಡೆ ತನ್ನ ಲೇಖನದಲ್ಲಿ ಸೂಚಿಸಿರಲಿಲ್ಲ. ಕೃತಿಚೌರ್ಯದ ಆಪಾದನೆ ಹರಡಿತು. ಕಮ್ಮಾರನ ಮಗನ ಏಳಿಗೆಯನ್ನು ಸಹಿಸದವರೂ ಇದ್ದರು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಆತನ ಹೆಸರು ಬಂದಾಗ ವಿರೋಧಿಸಿದವನು ಸ್ವತಃ ಗುರು ಡೇವಿ! ಆದರೂ ಫ್ಯಾರಡೆ ಆಯ್ಕೆಯಾದ. ಮರುವರ್ಷವೇ ಬೆಂಜೀನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿ, ತನ್ನ ಹೆಸರು ಯಾರ ಕೃಪೆಯದೂ ಅಲ್ಲ ಎಂದು ತೋರಿಸಿಕೊಟ್ಟ.

1831ರ ಆ ಹತ್ತು ವಾರಗಳು

ವಿದ್ಯುತ್ತು ಕಾಂತತ್ವವನ್ನು ಹುಟ್ಟಿಸುವುದಾದರೆ ಕಾಂತವೂ ವಿದ್ಯುತ್ತನ್ನು ಹುಟ್ಟಿಸಬೇಕಲ್ಲವೇ? ಈ ಪ್ರಶ್ನೆ ಹತ್ತು ವರ್ಷ ಫ್ಯಾರಡೆಯನ್ನು ಕಾಡಿತು. 1831ರ ಆಗಸ್ಟ್ 29ರಂದು ಆತ ಮೆದು ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಾಮ್ರದ ತಂತಿ ಸುತ್ತಿದ. ಸುತ್ತುಗಳು ಒಂದಕ್ಕೊಂದು ತಾಗದಂತೆ ನಡುವೆ ಹುರಿ ಮತ್ತು ಹತ್ತಿ ಬಟ್ಟೆಯನ್ನು ಇಟ್ಟ. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ ಇನ್ನೊಂದು ಸುರುಳಿಯ ಬಳಿಯಿದ್ದ ಸೂಜಿ ಅಲುಗಾಡಿ, ಮತ್ತೆ ಮೊದಲಿನ ಸ್ಥಿತಿಗೆ ಬಂತು. ಬ್ಯಾಟರಿ ತೆಗೆದಾಗ ಮತ್ತೊಮ್ಮೆ ಅಲುಗಿತು. ವಿದ್ಯುತ್ ಒಂದೇ ಸಮನೆ ಹರಿಯುತ್ತಿರುವಾಗ ಮಾತ್ರ ಸೂಜಿ ನಿಶ್ಚಲ. ಇಂದಿನ ಟ್ರಾನ್ಸ್‌ಫಾರ್ಮರ್‌ನ ತತ್ವ ಇದೇ.

ಅಕ್ಟೋಬರ್ 17ರಂದು ಸುರುಳಿಯೊಳಗೆ ದಂಡಕಾಂತವನ್ನು ತೂರಿಸಿ ಹೊರತೆಗೆದಾಗಲೂ ಸೂಜಿ ಅಲುಗಿತು. ಅಕ್ಟೋಬರ್ 28ರಂದು ರಾಯಲ್ ಸೊಸೈಟಿಯ ದೊಡ್ಡ ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ, ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಪಡೆದ. ಜಗತ್ತಿನ ಮೊದಲ ಜನರೇಟರ್ ಎನಿಸಿದ್ದು ಆ ತಟ್ಟೆ. ನವೆಂಬರ್ 24ರಂದು ಈ ಶೋಧಗಳ ಪ್ರಬಂಧ ರಾಯಲ್ ಸೊಸೈಟಿಯ ಮುಂದೆ ಓದಲ್ಪಟ್ಟಿತು.

ಕಾಂತ ಸುಮ್ಮನಿದ್ದರೆ ವಿದ್ಯುತ್ತಿಲ್ಲ, ಚಲಿಸಿದರೆ ಉಂಟು. ಏಕೆ? ಇಲ್ಲಿಯೇ ಗೆರೆಗಳು ಬರಿಯ ಚಿತ್ರದ ಮಟ್ಟವನ್ನು ದಾಟಿ ಕೆಲಸಕ್ಕೆ ನಿಂತದ್ದು. ಕಬ್ಬಿಣದ ಪುಡಿ ಕಾಂತದ ಸುತ್ತ ಸಾಲುಗಟ್ಟುವುದು ಫ್ಯಾರಡೆಗಿಂತ ಬಹಳ ಮೊದಲೇ ತಿಳಿದಿತ್ತು. ಅದನ್ನು ಜನ ಒಂದು ಚೋದ್ಯವೆಂದು ನೋಡಿ ಮರೆಯುತ್ತಿದ್ದರು. ತಂತಿಯು ಆ ಗೆರೆಗಳನ್ನು ಕತ್ತರಿಸಿಕೊಂಡು ಸಾಗಿದಾಗ ವಿದ್ಯುತ್ತು ಹುಟ್ಟುತ್ತದೆ, ಗೆರೆಯ ಉದ್ದಕ್ಕೂ ಜಾರಿದರೆ ಹುಟ್ಟುವುದಿಲ್ಲ ಎಂದು ಫ್ಯಾರಡೆ ಕಂಡುಕೊಂಡ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ನಡೆಯುವುದೂ ಇದೇ. ಕಲ್ಲಿದ್ದಲು ಉರಿದು ನೀರು ಹಬೆಯಾಗುತ್ತದೆ. ಹಬೆ ಟರ್ಬೈನನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ವಿದ್ಯುತ್ಕಾಂತ ತನ್ನ ಗೆರೆಗಳನ್ನು ಹೊತ್ತು ತಿರುಗುವಾಗ ಸುತ್ತಲಿನ ಸ್ಥಿರ ಸುರುಳಿಗಳನ್ನು ಅವು ಸೆಕೆಂಡಿಗೆ 50 ಬಾರಿ ಹಾದುಹೋಗುತ್ತವೆ. ಫ್ಯಾರಡೆ ತಟ್ಟೆಯನ್ನು ತಿರುಗಿಸಿದ; ಇಲ್ಲಿ ಕಾಂತವನ್ನೇ ತಿರುಗಿಸುತ್ತಾರೆ. ಲೆಕ್ಕ ಒಂದೇ.

ಗೆರೆಗಳ ಅರ್ಥ

ಮುಂದಿನ ಕೆಲವು ವರ್ಷಗಳಲ್ಲಿ ಫ್ಯಾರಡೆ ವಿದ್ಯುದ್ವಿಭಜನೆಯ ನಿಯಮಗಳನ್ನು ರೂಪಿಸಿದ. ಎಡೆಬಿಡದ ದುಡಿಮೆಯಿಂದ 1839ರ ಸುಮಾರಿಗೆ ಆತನ ಆರೋಗ್ಯ ಕುಸಿಯಿತು. ತಲೆಸುತ್ತು, ಮರೆವು ಕಾಡತೊಡಗಿದವು. ಕೆಲವು ವರ್ಷಗಳ ಕಾಲ ಆಳವಾದ ಸಂಶೋಧನೆ ಬಹುಮಟ್ಟಿಗೆ ನಿಂತೇ ಹೋಯಿತು.

1845ರಲ್ಲಿ ಆತ ಮರಳಿ ಬಂದ. ಆ ವರ್ಷದ ಸೆಪ್ಟೆಂಬರ್ 13ರಂದು ದಪ್ಪ ಗಾಜಿನ ತುಂಡಿನ ಮೂಲಕ ಹಾಯುವ ಬೆಳಕಿನ ಮೇಲೆ ಕಾಂತದ ಪ್ರಭಾವವನ್ನು ತೋರಿಸಿದ. ಬೆಳಕಿಗೂ ಕಾಂತತ್ವಕ್ಕೂ ಸಂಬಂಧವಿದೆ ಎಂಬುದಕ್ಕೆ ಅದು ಮೊದಲ ಪುರಾವೆ. ನವೆಂಬರ್‌ನಲ್ಲಿ ಅದೇ ಗಾಜು ಬಲವಾದ ಕಾಂತದ ನಡುವೆ ಗೆರೆಗಳಿಗೆ ಅಡ್ಡಲಾಗಿ ತಿರುಗಿ ನಿಲ್ಲುವುದನ್ನು ಕಂಡ. ಕಾಂತದ ಪ್ರಭಾವಕ್ಕೆ ಒಳಗಾಗುವುದು ಕಬ್ಬಿಣವೊಂದೇ ಅಲ್ಲ ಎಂದು ಇದರಿಂದ ತಿಳಿಯಿತು. ಈ ದಿನಗಳಲ್ಲಿಯೇ ಆತನ ದಿನಚರಿಯಲ್ಲಿ ಕಾಂತಕ್ಷೇತ್ರ ಎಂಬ ಪದ ಕಾಣಿಸಿಕೊಂಡಿತು. ಇಂದು ಭೌತವಿಜ್ಞಾನದ ಬೆನ್ನೆಲುಬಾಗಿರುವ ಕ್ಷೇತ್ರ ಎಂಬ ಕಲ್ಪನೆ ರೂಪುಗೊಂಡದ್ದು ಹೀಗೆ.

1851 ಮತ್ತು 1852ರಲ್ಲಿ ಅರವತ್ತರ ಹೊಸ್ತಿಲಲ್ಲಿದ್ದ ಫ್ಯಾರಡೆ ಗೆರೆಗಳನ್ನೇ ಕುರಿತು ಪ್ರಬಂಧಗಳ ಸರಣಿಯನ್ನು ಬರೆದ. ಆಗ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿಗೆ ರೈಲು ಬರಲು ಇನ್ನೂ ಸುಮಾರು ಇಪ್ಪತ್ತು ವರ್ಷ ಬೇಕಿತ್ತು. ಲಂಡನ್ನಿನ ಪ್ರಯೋಗಾಲಯದಲ್ಲಿ ಆತ ಮೇಣ ಸವರಿದ ಕಾಗದದ ಮೇಲೆ ಕಬ್ಬಿಣದ ಪುಡಿಯ ವಿನ್ಯಾಸಗಳನ್ನು ಮೂಡಿಸಿ, ಮೇಣವನ್ನು ಬೆಚ್ಚಗೆ ಮಾಡಿ ಅವು ಅಲ್ಲಿಯೇ ಅಂಟಿ ನಿಲ್ಲುವಂತೆ ಮಾಡಿದ. ಒಂದು ಕಾಂತ, ಎದುರುಬದುರಾದ ಎರಡು ಧ್ರುವಗಳು, ಒಂದೇ ಬಗೆಯ ಧ್ರುವಗಳು: ಹೀಗೆ ಬಗೆಬಗೆಯ ಜೋಡಣೆಗಳ ಚಿತ್ರಗಳನ್ನು ಸಿದ್ಧಪಡಿಸಿದ.

ಗೆರೆಯ ಅರ್ಥವನ್ನು ಆತ ಬಲು ಎಚ್ಚರದಿಂದ ಹೇಳಿದ. ಒಂದು ಪುಟ್ಟ ದಿಕ್ಸೂಚಿಯನ್ನು ಅದರ ಸೂಜಿ ತೋರಿಸುವ ದಿಕ್ಕಿಗೇ ಸ್ವಲ್ಪ ಸ್ವಲ್ಪವಾಗಿ ಸರಿಸುತ್ತಾ ಹೋದರೆ ಅದು ನಡೆಯುವ ದಾರಿಯೇ ಬಲರೇಖೆ. ಬಾಣದ ಗುರುತು ಸೂಜಿಯ ಉತ್ತರ ತುದಿ ಮುಖಮಾಡುವ ದಿಕ್ಕು. ಅಲ್ಲಿ ಏನೋ ಹರಿಯುತ್ತಿದೆ ಎಂದು ಅದರ ಅರ್ಥವಲ್ಲ. ಗೆರೆಗಳು ಒತ್ತಾಗಿರುವಲ್ಲಿ ಬಲ ಹೆಚ್ಚು, ವಿರಳವಾಗಿರುವಲ್ಲಿ ಕಡಿಮೆ. ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವುದಿಲ್ಲ. ಕತ್ತರಿಸಿದರೆ ಆ ಬಿಂದುವಿನಲ್ಲಿಟ್ಟ ಸೂಜಿ ಏಕಕಾಲಕ್ಕೆ ಎರಡು ಕಡೆ ಮುಖಮಾಡಬೇಕಾದೀತು.

ರಾಯಚೂರಿನ ಕಪ್ಪು ನೆಲದಲ್ಲಿ ಹಿಂಗಾರಿನ ಬಿಳಿಜೋಳ ತೆನೆ ಹೊತ್ತು ನಿಂತಾಗ ಗಾಳಿ ಬೀಸಿದರೆ ಪ್ರತಿ ತೆನೆಯೂ ತಾನು ನಿಂತಲ್ಲಿ ಗಾಳಿಯ ದಿಕ್ಕನ್ನು ತೋರಿಸುತ್ತದೆ. ಕಬ್ಬಿಣದ ಪುಡಿಯ ಕಣವೂ ಹಾಗೆಯೇ. ಕಾಂತದ ಬಳಿ ಬಂದಾಗ ಪ್ರತಿ ಕಣವೂ ತಾನೇ ಪುಟ್ಟ ಕಾಂತವಾಗಿ, ಬಲದ ದಿಕ್ಕಿಗೆ ತಿರುಗಿ, ಪಕ್ಕದ ಕಣಕ್ಕೆ ತುದಿ ತಾಗಿಸಿ ಸಾಲುಗಟ್ಟುತ್ತದೆ. ಸಾಲುಗಳ ನಡುವೆ ಬಿಳಿ ಹಾಳೆ ಕಂಡಿತೆಂದು ಅಲ್ಲಿ ಬಲವಿಲ್ಲ ಎಂದು ತಿಳಿಯಬಾರದು. ತೆನೆಯಿಲ್ಲದ ಜಾಗದಲ್ಲಿಯೂ ಗಾಳಿ ಇರುವಂತೆ ಅಲ್ಲಿಯೂ ಕ್ಷೇತ್ರ ಇದ್ದೇ ಇದೆ. ಹಾಳೆಯ ಮೇಲೆ ಕಾಣುವುದು ಸಪಾಟಾದ ಒಂದು ಸೀಳು ಮಾತ್ರ. ನಿಜವಾದ ಕ್ಷೇತ್ರ ಕಾಂತದ ಮೇಲೆ, ಕೆಳಗೆ, ಎಲ್ಲ ಕಡೆಗೂ ಹಬ್ಬಿರುತ್ತದೆ.

ಹಾಗಾದರೆ ಗೆರೆಗಳು ಸುಳ್ಳೇ? ಅದೂ ಅಲ್ಲ. ದೇವದುರ್ಗದ ಕಡೆಯ ನಾರಾಯಣಪುರ ಬಲದಂಡೆ ಕಾಲುವೆಯನ್ನಾಗಲಿ, ಮಾನ್ವಿಯ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆಯನ್ನಾಗಲಿ ಎಂಜಿನಿಯರುಗಳು ಗುರುತಿಸಿದ್ದು ನೆಲದ ಏರಿಳಿತವನ್ನು ತೋರಿಸುವ ಸಮೋನ್ನತ ರೇಖೆಗಳನ್ನು ನೋಡಿಕೊಂಡೇ. ಆ ರೇಖೆಗಳು ನಕ್ಷೆಯಲ್ಲಿವೆ, ಹೊಲದಲ್ಲಿ ಯಾರಿಗೂ ಕಾಣುವುದಿಲ್ಲ. ಆದರೆ ಅವು ಹೇಳುವ ಏರಿಳಿತವನ್ನು ಕಡೆಗಣಿಸಿ ಕಾಲುವೆ ತೋಡಿದರೆ ನೀರು ಹರಿಯುವುದಿಲ್ಲ. ಎಷ್ಟು ಗೆರೆ ಎಳೆಯಬೇಕು ಎಂಬುದು ನಕ್ಷೆ ಬರೆಯುವವನ ಇಚ್ಛೆ. ಅವು ತೋರಿಸುವ ಇಳಿಜಾರು ಮಾತ್ರ ಆತನ ಇಚ್ಛೆಯದಲ್ಲ. ಕಾಂತರೇಖೆಗಳೂ ಅಂಥ ನಕ್ಷೆಯೇ.

ಫ್ಯಾರಡೆ ಗೆರೆಗಳ ಎಣಿಕೆಯನ್ನೂ ಸಾಧಿಸಿದ. ಆಯತಾಕಾರದ ತಂತಿಯನ್ನು ಕ್ಷೇತ್ರದಲ್ಲಿ ತಿರುಗಿಸಿ ಹುಟ್ಟಿದ ವಿದ್ಯುತ್ತನ್ನು ಅಳೆದ. ವೇಗವಾಗಿ ತಿರುಗಿಸಿದರೂ ನಿಧಾನವಾಗಿ ತಿರುಗಿಸಿದರೂ, ಕತ್ತರಿಸಿದ ಗೆರೆಗಳು ಅಷ್ಟೇ ಆಗಿದ್ದರೆ ಹರಿದ ಒಟ್ಟು ವಿದ್ಯುತ್ತೂ ಅಷ್ಟೇ ಆಗಿತ್ತು. ಆಮೇಲೆ ಎರಡು ದಂಡಕಾಂತಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ, ನಡುವಿನ ಸಂದಿಯಲ್ಲಿ ತಂತಿ ಹಾಯಿಸಿ, ಕಾಂತದ ಒಡಲೊಳಗಿನ ಸ್ಥಿತಿಯನ್ನು ಪರೀಕ್ಷಿಸಿದ. ಗೆರೆಗಳು ಧ್ರುವದಲ್ಲಿ ಹುಟ್ಟಿ ಇನ್ನೊಂದು ಧ್ರುವದಲ್ಲಿ ಮುಗಿಯುವುದಿಲ್ಲ. ಹೊರಗೆ ಉತ್ತರದಿಂದ ದಕ್ಷಿಣಕ್ಕೆ ಬಂದವು ಒಳಗೆ ದಕ್ಷಿಣದಿಂದ ಉತ್ತರಕ್ಕೆ ಸಾಗಿ ತಮ್ಮನ್ನು ತಾವೇ ಸೇರುತ್ತವೆ. ಹೊರಗಿರುವಷ್ಟೇ ಗೆರೆಗಳು ಒಳಗೂ ಇವೆ ಎಂಬುದು ಆತ ಕಂಡ ಸತ್ಯ. ಕಾಂತವನ್ನು ಎಷ್ಟು ತುಂಡು ಮಾಡಿದರೂ ಒಂಟಿ ಧ್ರುವ ಸಿಗದಿರುವುದಕ್ಕೂ ಈ ಮುಚ್ಚಿದ ಸುರುಳಿಗೂ ಸಂಬಂಧವಿದೆ. ಪಠ್ಯಪುಸ್ತಕದ ಚಿತ್ರವನ್ನು ನಕಲು ಮಾಡುವಾಗ ಬಹಳಷ್ಟು ಬಾರಿ ಬಿಟ್ಟುಹೋಗುವುದು ಕಾಂತದ ಒಳಗಿನ ಈ ಅರ್ಧವೇ.

ಭೂಮಿಯೂ ಒಂದು ಕಾಂತ. ಲಂಡನ್ನಿನಲ್ಲಿ ಮೇಲೆ ಕೆಳಗೆ ಆಡುವಂತೆ ತೂಗಿಬಿಟ್ಟ ಕಾಂತದ ಸೂಜಿ ತನ್ನ ಉತ್ತರ ತುದಿಯನ್ನು 65 ಡಿಗ್ರಿಗೂ ಹೆಚ್ಚು ಕೆಳಗೆ ಬಾಗಿಸುತ್ತದೆ. ಅದೇ ಸೂಜಿಯನ್ನು ರಾಯಚೂರಿಗೆ ತಂದರೆ ಬಾಗು ಬಹಳ ಕಡಿಮೆ. ಭಾರತದ ದಕ್ಷಿಣ ತುದಿಯ ಸಮೀಪ ಅದು ನೆಲಕ್ಕೆ ಸಮನಾಗಿಯೇ ನಿಲ್ಲುತ್ತದೆ. ಭೂಮಿಯ ಬಲರೇಖೆಗಳು ಒಂದೊಂದು ಊರಿನಲ್ಲಿ ಒಂದೊಂದು ಓರೆಯಲ್ಲಿ ನೆಲವನ್ನು ಹೊಗುವುದೇ ಇದಕ್ಕೆ ಕಾರಣ.

ಗಣಿತ ಬಲ್ಲವರ ಅನುಮಾನ

ಈ ವಿಚಾರಗಳನ್ನು ಅಂದಿನ ವಿದ್ವಾಂಸರು ಆದರದಿಂದ ಸ್ವಾಗತಿಸಿದರೆಂದು ತಿಳಿಯಬೇಕಾಗಿಲ್ಲ. ಫ್ಯಾರಡೆಯ ಪ್ರಯೋಗಗಳನ್ನು ಎಲ್ಲರೂ ಮೆಚ್ಚಿದರು. ಆತನ ಗೆರೆಗಳನ್ನು ಬಹುತೇಕರು ಬದಿಗಿಟ್ಟರು. ಸಮೀಕರಣವಿಲ್ಲದ ಸಿದ್ಧಾಂತ ಅವರ ಕಣ್ಣಿಗೆ ಸಿದ್ಧಾಂತವೇ ಆಗಿರಲಿಲ್ಲ. ಇಂಗ್ಲೆಂಡಿನ ರಾಜ ಖಗೋಳಜ್ಞ ಜಾರ್ಜ್ ಏರಿ, ದೂರದಿಂದಲೇ ನೇರವಾಗಿ ವರ್ತಿಸುವ ಬಲದ ಸ್ಪಷ್ಟ ಲೆಕ್ಕವಿರುವಾಗ ಬಲರೇಖೆಗಳಂಥ ಅಸ್ಪಷ್ಟ ಕಲ್ಪನೆಯನ್ನು ಯಾರಾದರೂ ಏಕೆ ಆರಿಸಿಕೊಳ್ಳಬೇಕೆಂದು 1855ರಲ್ಲಿ ಪತ್ರವೊಂದರಲ್ಲಿ ಅಚ್ಚರಿಪಟ್ಟಿದ್ದ.

ಫ್ಯಾರಡೆಯೂ ಅತಿಯಾಗಿ ಹೇಳಿಕೊಂಡವನಲ್ಲ. ಗೆರೆಗಳನ್ನು ಬಲದ ದಿಕ್ಕು ಮತ್ತು ಪ್ರಮಾಣದ ಗುರುತುಗಳಾಗಿ ಬಳಸುವುದು ಒಂದು. ಅವು ಭೌತಿಕವಾಗಿ ಇವೆ ಎನ್ನುವುದು ಇನ್ನೊಂದು. ಮೊದಲನೆಯದು ಪ್ರಯೋಗದಿಂದ ಸಿದ್ಧವಾದದ್ದು, ಎರಡನೆಯದು ತನ್ನ ನಂಬಿಕೆ ಎಂದು ಆತ ಬೇರೆ ಬೇರೆಯಾಗಿಯೇ ಬರೆದ. ಕಾಣದ್ದನ್ನೆಲ್ಲ ನಂಬುವ ಮನಸ್ಸೂ ಆತನದಲ್ಲ. 1853ರಲ್ಲಿ ಲಂಡನ್ನಿನ ಮನೆಗಳಲ್ಲಿ ಸತ್ತವರ ಆತ್ಮ ಬಂದು ಮೇಜು ತಿರುಗಿಸುತ್ತದೆ ಎಂಬ ಹುಚ್ಚು ಹಬ್ಬಿದಾಗ ಸರಳವಾದ ಸಾಧನವೊಂದನ್ನು ಮಾಡಿ, ಮೇಜನ್ನು ತಳ್ಳುತ್ತಿರುವುದು ಸುತ್ತ ಕುಳಿತವರ ಕೈಗಳೇ, ಅವರಿಗೆ ಅದರ ಅರಿವಿಲ್ಲ ಅಷ್ಟೇ ಎಂದು ಆತ ಬಯಲು ಮಾಡಿದ. ಕಾಣದ ಗೆರೆಗಳನ್ನು ಆತ ನಂಬಿದ್ದು ಅವು ಪರೀಕ್ಷೆಗೆ ಒಡ್ಡಿಕೊಂಡವು ಎಂಬ ಕಾರಣಕ್ಕೆ.

ಕೊನೆಗೆ ಗೆರೆಗಳ ಭಾಷೆಯನ್ನು ಓದಬಲ್ಲ ಗಣಿತಜ್ಞನೊಬ್ಬ ದೊರೆತ. ಫ್ಯಾರಡೆಗಿಂತ ನಲವತ್ತು ವರ್ಷ ಕಿರಿಯನಾದ ಸ್ಕಾಟ್ಲೆಂಡಿನ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್, 1855-56ರಲ್ಲಿ ಕೇಂಬ್ರಿಜ್‌ನಲ್ಲಿ ಫ್ಯಾರಡೆಯ ಬಲರೇಖೆಗಳ ಮೇಲೆಯೇ ಪ್ರಬಂಧ ಮಂಡಿಸಿದ. ಸಮೀಕರಣವಿಲ್ಲದಿದ್ದರೂ ಫ್ಯಾರಡೆಯ ಆಲೋಚನೆಯ ರೀತಿ ಗಣಿತದ್ದೇ ಎಂಬುದು ಆತನ ನಿಲುವು. ಪ್ರಬಂಧದ ಪ್ರತಿ ಕೈಸೇರಿದಾಗ, ತನ್ನ ವಿಷಯದ ಮೇಲೆ ಅಷ್ಟು ಗಣಿತದ ಬಲ ಹರಿದುಬಂದುದನ್ನು ಕಂಡು ಮೊದಲು ಅಳುಕಿದ ಫ್ಯಾರಡೆ, ವಿಷಯ ಅದನ್ನು ತಾಳಿಕೊಂಡ ಬಗೆಗೆ ಬೆರಗಾಗಿ 1857ರಲ್ಲಿ ಕೃತಜ್ಞತೆಯ ಪತ್ರ ಬರೆದ. ಅದೇ ವರ್ಷ ಇನ್ನೊಂದು ಪತ್ರದಲ್ಲಿ, ಗಣಿತಜ್ಞರು ತಾವು ಮುಟ್ಟಿದ ತೀರ್ಮಾನಗಳನ್ನು ಜನಸಾಮಾನ್ಯರ ಭಾಷೆಯಲ್ಲಿಯೂ ಹೇಳಬಾರದೇ ಎಂದು ವಿನಯದಿಂದ ಕೇಳಿಕೊಂಡ.

ಮ್ಯಾಕ್ಸ್‌ವೆಲ್ ಮುಂದಿನ ಹತ್ತು ವರ್ಷಗಳಲ್ಲಿ ಆ ಗೆರೆಗಳಿಂದಲೇ ವಿದ್ಯುತ್ಕಾಂತೀಯ ಕ್ಷೇತ್ರದ ಸಮೀಕರಣಗಳನ್ನು ಕಟ್ಟಿದ. ಬೆಳಕು ಕೂಡ ಆ ಕ್ಷೇತ್ರದ ಅಲೆಯೇ ಎಂಬ ತೀರ್ಮಾನಕ್ಕೆ ಬಂದ. 1887-88ರಲ್ಲಿ ಜರ್ಮನಿಯ ಹೈನ್‌ರಿಶ್ ಹರ್ಟ್ಸ್ ಆ ಅಲೆಗಳನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿ ತೋರಿಸಿದ. ರೇಡಿಯೊದಿಂದ ಮೊಬೈಲ್‌ವರೆಗಿನ ಹಾದಿ ಅಲ್ಲಿಂದ ಆರಂಭ. ಕಾಂತದ ಸುತ್ತಲಿನ ಜಾಗ ಬರಿದಲ್ಲ ಎಂಬ ಫ್ಯಾರಡೆಯ ಹಟವೇ ಅದರ ಬುನಾದಿ.

ಪದವಿ ಬೇಡವೆಂದ ಬಾಳು

ಕೀರ್ತಿ ಬೆಳೆದಂತೆ ಗೌರವಗಳೂ ಅರಸಿ ಬಂದವು. ಸರ್ ಪದವಿಯನ್ನು ಆತ ಒಲ್ಲೆನೆಂದ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನೂ ನಿರಾಕರಿಸಿದ. 1821ರಲ್ಲಿ ಕೈಹಿಡಿದ ಪತ್ನಿ ಸಾರಾ ಬಾಳಿನುದ್ದಕ್ಕೂ ಆತನಿಗೆ ಆಸರೆಯಾಗಿದ್ದಳು; ದಂಪತಿಗೆ ಮಕ್ಕಳಿರಲಿಲ್ಲ. ಆದರೆ ಲಂಡನ್ನಿನ ಮಕ್ಕಳಿಗೆ ಫ್ಯಾರಡೆ ಎಂದರೆ ಅಚ್ಚುಮೆಚ್ಚು. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ನಡೆಯುತ್ತಿದ್ದ ಉಪನ್ಯಾಸಗಳಲ್ಲಿ ಹಲವು ಸರಣಿಗಳನ್ನು ಆತನೇ ನಡೆಸಿಕೊಟ್ಟ. 1860-61ರ ಕೊನೆಯ ಸರಣಿಯಲ್ಲಿ ಉರಿಯುವ ಒಂದು ಮೇಣದಬತ್ತಿಯನ್ನೇ ಮುಂದಿಟ್ಟುಕೊಂಡು ರಸಾಯನ ವಿಜ್ಞಾನವನ್ನು ವಿವರಿಸಿದ. ಕಷ್ಟದ ವಿಷಯವನ್ನು ಎಳೆಯರಿಗೆ ಮುಟ್ಟಿಸುವುದು ಆತನಿಗೆ ಸಂಶೋಧನೆಯಷ್ಟೇ ದೊಡ್ಡ ಕೆಲಸವಾಗಿತ್ತು.

1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಆತನಿಗೊಂದು ಮನೆಯನ್ನು ವಾಸಕ್ಕೆ ಬಿಟ್ಟುಕೊಟ್ಟಳು. ನೆನಪಿನ ಶಕ್ತಿ ಕ್ರಮೇಣ ಕ್ಷೀಣಿಸಿತು. 1867ರ ಆಗಸ್ಟ್ 25ರಂದು ಫ್ಯಾರಡೆ ಆ ಮನೆಯಲ್ಲಿಯೇ ಕೊನೆಯುಸಿರೆಳೆದ. ದೊರೆಗಳೂ ಮಹನೀಯರೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಲ್ಲ, ಹೈಗೇಟ್‌ನ ಸಾಮಾನ್ಯ ಸ್ಮಶಾನದಲ್ಲಿ ಆತನನ್ನು ಮಣ್ಣು ಮಾಡಲಾಯಿತು.

ಆತ ತೀರಿಕೊಂಡ 35 ವರ್ಷಗಳ ಬಳಿಕ, 1902ರಲ್ಲಿ, ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1985ರಲ್ಲಿ ಶಕ್ತಿನಗರದ ಮೊದಲ ಘಟಕ ಕೆಲಸ ಆರಂಭಿಸಿತು. ಇಂದು ದೇವದುರ್ಗದ ಹೊಲಗಳ ಪಂಪ್‌ಸೆಟ್ಟುಗಳಿಗೂ ಮಾನ್ವಿಯ ಅಕ್ಕಿ ಗಿರಣಿಗಳಿಗೂ ರಾಯಚೂರಿನ ಹತ್ತಿ ಮಿಲ್ಲುಗಳಿಗೂ ಚಲನೆ ಕೊಡುವುದು ಮೋಟಾರಿನೊಳಗೆ ತಿರುಗುವ ಕಾಂತಕ್ಷೇತ್ರ. ಮೋಟಾರು ಸುಟ್ಟರೆ ರೈತ ಅದನ್ನು ಹೊತ್ತು ತರುವುದು ವೈಂಡಿಂಗ್ ಅಂಗಡಿಗೆ. ಅಲ್ಲಿ ಎಷ್ಟೋ ಮಂದಿ ಕಾಲೇಜಿನ ಮುಖ ಕಾಣದೆಯೇ, ಗುರುವಿನ ಕೈ ನೋಡಿ ಕಲಿತು, ಯಾವ ಗಾಡಿಗೆ ಯಾವ ಗೇಜಿನ ತಾಮ್ರದ ತಂತಿ, ಎಷ್ಟು ಸುತ್ತು, ಯಾವ ದಿಕ್ಕಿಗೆ ಎಂಬುದನ್ನು ಬೆರಳ ತುದಿಯಲ್ಲಿಟ್ಟುಕೊಂಡಿರುತ್ತಾರೆ. ಸುತ್ತು ತಪ್ಪಿದರೆ ಕ್ಷೇತ್ರ ತಪ್ಪುತ್ತದೆ, ಮೋಟಾರು ತಿರುಗುವುದಿಲ್ಲ. ಕೈಯಿಂದ ಕಲಿತು ಬುದ್ಧಿಯಿಂದ ಅರಿತ ಫ್ಯಾರಡೆಯ ಪರಂಪರೆ ಅವರದೂ ಹೌದು.

ಗಣಿತ ಬಾರದೆಂದು, ಬಡವನೆಂದು, ಹಳ್ಳಿಯ ಶಾಲೆಯೆಂದು ವಿಜ್ಞಾನದಿಂದ ಹಿಂಜರಿಯುವ ಮಕ್ಕಳು ಈ ಜಿಲ್ಲೆಯಲ್ಲಿಯೂ ಕಡಿಮೆಯಿಲ್ಲ. ಗಣಿತ ಬೇಡವೆಂದು ಫ್ಯಾರಡೆಯ ಬಾಳು ಹೇಳುವುದಿಲ್ಲ. ಮ್ಯಾಕ್ಸ್‌ವೆಲ್ ಇಲ್ಲದಿದ್ದರೆ ಆ ಗೆರೆಗಳು ಅಲ್ಲಿಯೇ ನಿಲ್ಲುತ್ತಿದ್ದವು. ಆದರೆ ನೋಡುವುದು, ಪ್ರಶ್ನಿಸುವುದು, ಮಾಡಿ ತಿಳಿಯುವುದು ಗಣಿತಕ್ಕೂ ಮೊದಲು ಬರಬೇಕಾದವು. ಒಂದು ಕಾಂತ, ಒಂದು ಹಾಳೆ, ಒಂದು ಹಿಡಿ ಕಬ್ಬಿಣದ ಪುಡಿ, ಒಂದು ಪುಟ್ಟ ದಿಕ್ಸೂಚಿ ಇಷ್ಟಿದ್ದರೆ ದೇವದುರ್ಗದ ಶಾಲೆಯಲ್ಲಿಯೂ ಫ್ಯಾರಡೆ ಕಂಡದ್ದನ್ನು ಕಾಣಬಹುದು. ಗೆರೆಗಳನ್ನು ಬಿಡಿಸುವ ಮುನ್ನ ದಿಕ್ಸೂಚಿಯನ್ನು ಒಂದೊಂದೇ ಹೆಜ್ಜೆ ಸರಿಸಿ ಅವನ್ನು ಹಿಂಬಾಲಿಸಿದ ವಿದ್ಯಾರ್ಥಿಗೆ ಆ ಚಿತ್ರ ಮತ್ತೆಂದೂ ಬರಿಯ ಬಾಯಿಪಾಠವಾಗಿ ಉಳಿಯುವುದಿಲ್ಲ.